ಯಾವ ಕೋಶದ ಗಡ್ಡೆ?

ನನ್ನ ಅಕ್ಕ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಮನೆಯ ಹಿಂದೆ ಮಾವಿನ ತೋಪು, ಪಕ್ಕದಲ್ಲಿ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ನಾಲ್ಕು ಸೀಮೆ ಹಸು. ಮದುವೆಯಾಗಿ ಹೋದಂದಿನಿಂದ ಬೆಳಗಿನ ಜಾವ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬರುವುದು ಅವಳ ದಿನದ ಮೊದಲ ಕೆಲಸ. ಎರಡು ವರ್ಷಗಳ ಹಿಂದೆ ಯುಗಾದಿಗೆಂದು ನಾನು ಅಲ್ಲಿಗೆ ಹೋಗಿದ್ದೆ. ಹಬ್ಬದ ಮರುದಿನ ಬೆಳಿಗ್ಗೆ, ಕೆಚ್ಚಲಿಗೆ ನೀರು ಚಿಮುಕಿಸಿ ಹಸು ಸೊರ ಬಿಡಲೆಂದು ಕಾಯುತ್ತಿದ್ದವಳು ಸುತ್ತಮುತ್ತ ಯಾರೂ ಇಲ್ಲವೆಂಬುದನ್ನು ನೋಡಿಕೊಂಡು, “ಕರು ಹಾಕ್ದೆ ಹಾಲು ಬರೋದುಂಟಾ?” ಎಂದು ಕೇಳಿದಳು. ಹಸುವಿನ ಮಾತೆಂದುಕೊಂಡು ನಾನು ಇಲ್ಲವೆಂದೆ. “ನಂಗೆ ಬರ್ತೈತೆ ಕಣೇ. ಚಿಕ್ಕೋನು ಹಾಲು ಬಿಟ್ಟು ಏಳು ವರ್ಷ ಆಯ್ತು” ಎಂದಳು. ಆಮೇಲೆ ನನ್ನ ಮುಖ ನೋಡದೆ ಹಾಲು ಕರೆಯತೊಡಗಿದಳು.

ಅವಳಿಗೆ ಆಗ 36 ವರ್ಷ. ಮುಟ್ಟು ನಿಂತು ಹದಿನಾಲ್ಕು ತಿಂಗಳಾಗಿತ್ತು. ಬೇಗನೆ ಮುಟ್ಟು ನಿಂತಿದೆ, ಅಷ್ಟೇ ಎಂದುಕೊಂಡು ಸುಮ್ಮನಿದ್ದಳು. ರವಿಕೆ ಒದ್ದೆಯಾಗದಂತೆ ಒಳಗೆ ಹಳೆಯ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಿದ್ದಳು. ತಲೆನೋವಿಗೆ ಅಂಗಡಿಯ ಮಾತ್ರೆ, ಆ ಮಾತ್ರೆಯಿಂದ ಎದೆ ಉರಿದರೆ ಗ್ಯಾಸ್ಟ್ರಿಕ್ ಮಾತ್ರೆ, ಹೀಗೆ ದಿನ ತಳ್ಳಿದ್ದಳು. ನಾನು ಕೋಲಾರದಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಹಾರ್ಮೋನುಗಳನ್ನು ತಯಾರಿಸುವ ಪಿಟ್ಯುಟರಿ ಗ್ರಂಥಿಯ ಪಾಠವನ್ನು ಹದಿನೈದು ವರ್ಷಗಳಿಂದ ಮಾಡುತ್ತಿರುವವಳು. ಅಂಥ ತಂಗಿಗೆ ಇದನ್ನು ಹೇಳಲು ಅವಳಿಗೆ ಹದಿನಾಲ್ಕು ತಿಂಗಳು ಬೇಕಾಯಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಹಾಗೆಯೇ ಬಟ್ಟೆ ಮಡಚಿಟ್ಟುಕೊಂಡು ಸುಮ್ಮನಿರುವ ಹೆಂಗಸರು ನಮ್ಮ ಊರುಗಳಲ್ಲಿ ಇದ್ದೇ ಇರುತ್ತಾರೆ.

ತಲೆನೋವು ಇದ್ದುದರಿಂದ ಮೊದಲು ಹೋದ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರು. ಪಿಟ್ಯುಟರಿಯಲ್ಲಿ 14 ಮಿಲಿಮೀಟರಿನ ಗಡ್ಡೆ ಇದೆಯೆಂದು ವರದಿ ಬಂತು. “ಮೆದುಳಿನಲ್ಲಿ ಗಡ್ಡೆ, ಆಪರೇಷನ್ ಆಗಬೇಕು, ಈ ವಾರವೇ ಸೇರಿಸಿ” ಎಂದರು. ಭಾವ ಎರಡು ಹಸು ಮಾರುವ ಮಾತಾಡಿದರು. ಅಮ್ಮ ಊಟ ಬಿಟ್ಟರು. ಆ ಕಡತವನ್ನು ನಾನು ಎರಡು ಸಲ ತಿರುವಿ ಹಾಕಿದೆ. ಅದರಲ್ಲಿ ಒಂದೇ ಒಂದು ಹಾರ್ಮೋನು ಪರೀಕ್ಷೆಯೂ ಇರಲಿಲ್ಲ. ಗಡ್ಡೆಯ ಅಗಲ, ಎತ್ತರ, ಆಳ ಮೂರನ್ನೂ ಅಳೆದಿದ್ದರು. ಅದು ಯಾವ ಕೋಶದಿಂದ ಹುಟ್ಟಿದ ಗಡ್ಡೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಪಿಟ್ಯುಟರಿಯ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ದೃಢವಾದ ನಂಬಿಕೆ, ಅದು ಏಕೆಂದು ವಿವರಿಸುವುದಕ್ಕಾಗಿಯೇ ಈ ಬರಹ.

ಈ ಗ್ರಂಥಿ ಇರುವುದು ಮೂಗಿನ ಬುಡದ ಹಿಂದೆ, ತಲೆಬುರುಡೆಯ ತಳದ ಮೂಳೆಯಲ್ಲಿರುವ ಒಂದು ಸಣ್ಣ ಗುಳಿಯಲ್ಲಿ. ಕುದುರೆಯ ಜೀನಿನಂತೆ ಕಾಣುವ ಆ ಗುಳಿಯೊಳಗೆ ಬಟಾಣಿ ಕಾಳಿನಷ್ಟು ದೊಡ್ಡದಾಗಿ, ಸುಮಾರು ಅರ್ಧ ಗ್ರಾಂ ತೂಕವಿರುತ್ತದೆ. ಮೇಲೆ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗ, ಎಡಬಲಗಳಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಗಳು. ಇದಕ್ಕೆ ಮುಂದಿನ ಹಾಲೆ, ಹಿಂದಿನ ಹಾಲೆ ಎಂದು ಎರಡು ಭಾಗಗಳಿದ್ದು, ಎರಡರ ಹುಟ್ಟೂ ಬೇರೆ ಬೇರೆ. ಹಿಂದಿನ ಹಾಲೆ ನಿಜಕ್ಕೂ ಮೆದುಳಿನ ಭಾಗ, ಮೇಲಿನಿಂದ ಇಳಿದುಬಂದ ನರತಂತುಗಳ ತುದಿ. ಅಕ್ಕನ ಹಸು ಸೊರ ಬಿಡುವಂತೆ ಮಾಡುವ ಆಕ್ಸಿಟೋಸಿನ್ ಬರುವುದು ಅಲ್ಲಿಂದ. ಮುಂದಿನ ಹಾಲೆಯಾದರೋ ಭ್ರೂಣದ ಬಾಯಿಯ ಮೇಲ್ಛಾವಣಿಯಿಂದ ಒಂದು ಚೀಲದಂತೆ ಮೇಲಕ್ಕೆ ಚಾಚಿ, ಬಾಯಿಯ ಸಂಬಂಧ ಕಡಿದುಕೊಂಡು, ಮೆದುಳಿನಿಂದ ಇಳಿಬಿದ್ದ ತೊಟ್ಟಿಗೆ ಅಂಟಿಕೊಂಡು ಬೆಳೆದದ್ದು. ಪಿಟ್ಯುಟರಿ ಗಡ್ಡೆಗಳು ಬಹುಪಾಲು ಹುಟ್ಟುವುದು ಈ ಮುಂದಿನ ಹಾಲೆಯಲ್ಲಿ. ಹಾಗಾಗಿ ಅದನ್ನು ಮೆದುಳಿನ ಗಡ್ಡೆ ಎಂದು ಕರೆಯುವುದು ಅಂಗರಚನೆಯ ದೃಷ್ಟಿಯಿಂದಲೂ ಸರಿಯಲ್ಲ. ಅಮ್ಮನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು, ಆದರೆ ಅಂದು ರಾತ್ರಿ ಒಂದು ತುತ್ತು ಮುದ್ದೆ ತಿಂದರು.

ನಮ್ಮ ವಿಭಾಗದಲ್ಲಿ ಮರದ ಪೆಟ್ಟಿಗೆಯೊಂದರಲ್ಲಿ ಹಳೆಯ ಸ್ಲೈಡುಗಳಿವೆ. ಅವುಗಳಲ್ಲಿ ಕುರಿಯ ಪಿಟ್ಯುಟರಿಯದು ಒಂದು. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಅದನ್ನು ತೋರಿಸುತ್ತೇನೆ. ಕಡಿಮೆ ಹಿಗ್ಗಿಸಿ ನೋಡಿದರೆ ಸಣ್ಣ ಸಣ್ಣ ಗೊಂಚಲುಗಳಾಗಿ ಕೋಶಗಳು ಕೂಡಿಕೊಂಡಿರುವುದೂ ಗೊಂಚಲುಗಳ ನಡುವೆ ಕೂದಲೆಳೆಯಂಥ ರಕ್ತನಾಳಗಳು ಹರಿದಿರುವುದೂ ಕಾಣುತ್ತದೆ. ಹೆಚ್ಚು ಹಿಗ್ಗಿಸಿದಾಗ ಒಂದೇ ಗೊಂಚಲಿನಲ್ಲಿ ಮೂರು ಬಗೆಯ ಕೋಶಗಳು ಬೇರ್ಪಡುತ್ತವೆ: ಗುಲಾಬಿ ಕಣಗಳು ಕಿಕ್ಕಿರಿದವು ಕೆಲವು, ನೇರಳೆ ಛಾಯೆಯವು ಕೆಲವು, ಬಣ್ಣವನ್ನೇ ಹಿಡಿಯದ ಪೇಲವ ಕೋಶಗಳು ಕೆಲವು. ನೂರು ವರ್ಷಗಳ ಹಿಂದಿನವರು ಈ ಬಣ್ಣಗಳನ್ನೇ ನೆಚ್ಚಿಕೊಂಡು ಗಡ್ಡೆಗಳಿಗೂ ಹೆಸರಿಟ್ಟಿದ್ದರು. ಬಣ್ಣ ಹಿಡಿಯದ ಕೋಶದ ಗಡ್ಡೆ ಏನೂ ತಯಾರಿಸುವುದಿಲ್ಲವೆಂದು ಬಹುಕಾಲ ನಂಬಿದ್ದರು. ಪ್ರತಿಕಾಯಗಳನ್ನು ಬಳಸಿ ಒಂದೊಂದು ಹಾರ್ಮೋನನ್ನೂ ಬೇರೆಯಾಗಿ ಗುರುತಿಸುವ ವಿಧಾನ ಬಂದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಪೇಲವವಾಗಿ ಕಾಣುವ ಗಡ್ಡೆಗಳಲ್ಲಿ ಎಷ್ಟೋ, ಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ತಯಾರಿಸುವ ಕೋಶದವೆಂದು ತಿಳಿದುಬಂತು. ಕಣಗಳನ್ನು ಕೂಡಿಡದೆ ತಯಾರಾದಂತೆಲ್ಲ ಹೊರಹಾಕುವುದರಿಂದ ಅವು ಬಣ್ಣ ಹಿಡಿಯುತ್ತಿರಲಿಲ್ಲ.

ಈಗ ನಮಗೆ ತಿಳಿದಿರುವಂತೆ ಮುಂದಿನ ಹಾಲೆಯಲ್ಲಿ ಹಾರ್ಮೋನು ತಯಾರಿಸುವ ಕೋಶಗಳು ಐದು ಬಗೆ. ಬೆಳವಣಿಗೆಯ ಹಾರ್ಮೋನಿನವು ಎಲ್ಲಕ್ಕಿಂತ ಹೆಚ್ಚು, ಒಟ್ಟು ಕೋಶಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು. ಉಳಿದವು ಪ್ರೊಲ್ಯಾಕ್ಟಿನ್‌ನವು, ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯನ್ನು ನಡೆಸುವ ಎಸಿಟಿಎಚ್‌ನವು, ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್‌ನವು, ಅಂಡಾಶಯ ಮತ್ತು ವೃಷಣಗಳನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್‌ಗಳವು. ಇವು ಮೂರು ಮನೆತನದವು ಎನ್ನಬಹುದು. ಭ್ರೂಣದಲ್ಲಿ ಪಿಟ್-1 ಎಂಬ ಪ್ರೋಟೀನು ಕೆಲಸ ಆರಂಭಿಸಿದ ಕೋಶಗಳಿಂದ ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ತಯಾರಿಸುವ ಮೂರೂ ಬಗೆಗಳು ಕವಲೊಡೆಯುತ್ತವೆ. ಟಿ-ಪಿಟ್ ಎಂಬುದು ಎಸಿಟಿಎಚ್ ಕೋಶವನ್ನು ರೂಪಿಸುತ್ತದೆ. ಎಸ್‌ಎಫ್-1 ಎಂಬುದು ಎಲ್‌ಎಚ್, ಎಫ್‌ಎಸ್‌ಎಚ್ ಕೋಶವನ್ನು. ಗಡ್ಡೆಯಾದ ಮೇಲೂ ಕೋಶ ತನ್ನ ಮನೆತನದ ಗುರುತನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರ್ಗೀಕರಣ ನಿಂತಿರುವುದೂ ಈ ಮೂರು ಪ್ರೋಟೀನುಗಳ ಮೇಲೆಯೇ. ರೋಗವಿಜ್ಞಾನಿ ಇಂದು ಗಡ್ಡೆಯ ತುಣುಕಿನಲ್ಲಿ ಹುಡುಕುವುದು ಅವುಗಳನ್ನು.

ಹಾರ್ಮೋನು ತಯಾರಿಸದ, ನಕ್ಷತ್ರದಂತೆ ಕೈಚಾಚಿದ ಇನ್ನೊಂದು ಕೋಶವೂ ಗೊಂಚಲುಗಳ ನಡುವೆ ಇದೆ. ಅದನ್ನು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ, ನನಗೆ ಮನಸ್ಸು ಬರುವುದಿಲ್ಲ. 1989ರಲ್ಲಿ ನೆಪೋಲಿಯೋನ್ ಫೆರಾರ ಅವರು ಹಸುವಿನ ಪಿಟ್ಯುಟರಿಯ ಈ ಕೋಶಗಳಿಂದಲೇ ರಕ್ತನಾಳಗಳನ್ನು ಬೆಳೆಸುವ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಇಂದು ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂದವಾದವರ ಕಣ್ಣಿಗೆ ಕೊಡುವ ಇಂಜೆಕ್ಷನ್ ಅದೇ ಪ್ರೋಟೀನನ್ನು ತಡೆಯುವ ಔಷಧಿ.

ಈಗ ಪ್ರೊಲ್ಯಾಕ್ಟಿನ್ ಕೋಶದ ಮಾತಿಗೆ ಬರುತ್ತೇನೆ. ಉಳಿದ ನಾಲ್ಕು ಬಗೆಯ ಕೋಶಗಳಿಗೂ ಇದಕ್ಕೂ ಸ್ವಭಾವದಲ್ಲೇ ಒಂದು ವ್ಯತ್ಯಾಸವಿದೆ. ಅದನ್ನು ಹೇಳುವುದಕ್ಕೆ ಕೋಲಾರದವಳಾದ ನನಗೆ ಕೆರೆಗಳಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ನಮ್ಮ ಜಿಲ್ಲೆಯ ಕೆರೆಗಳು ಒಂದಕ್ಕೊಂದು ಕೋದುಕೊಂಡಿರುವುದನ್ನು ಬಲ್ಲಿರಿ: ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಮೆದುಳಿನ ತಳದ ಹೈಪೋಥಲಾಮಸ್‌ನಲ್ಲಿ ಒಂದು ಸಣ್ಣ ರಕ್ತನಾಳಗಳ ಜಾಲವಿದ್ದು, ಅಲ್ಲಿನ ರಕ್ತ ಹೃದಯಕ್ಕೆ ಹಿಂದಿರುಗದೆ ನೇರವಾಗಿ ತೊಟ್ಟಿನ ಮೂಲಕ ಇಳಿದು ಪಿಟ್ಯುಟರಿಯ ಮುಂದಿನ ಹಾಲೆಯಲ್ಲಿ ಎರಡನೆಯ ಜಾಲವಾಗಿ ಹರಡಿಕೊಳ್ಳುತ್ತದೆ. ಮೇಲಿನ ನರಕೋಶಗಳು ಆ ರಕ್ತಕ್ಕೆ ಸುರಿಯುವ ಅತ್ಯಲ್ಪ ಪ್ರಮಾಣದ ರಾಸಾಯನಿಕಗಳು ಹೀಗೆ ಕೆಳಗಿನ ಕೋಶಗಳನ್ನು ತಲುಪುತ್ತವೆ. ಅವುಗಳನ್ನು ಗುರುತಿಸಲು ರೋಜರ್ ಗಿಲ್ಲೆಮಿನ್ ಮತ್ತು ಆಂಡ್ರ್ಯೂ ಶ್ಯಾಲಿ ಅವರ ತಂಡಗಳು ವರ್ಷಗಟ್ಟಲೆ ಪೈಪೋಟಿಯಲ್ಲಿ ಲಕ್ಷಾಂತರ ಕುರಿ, ಹಂದಿಗಳ ಹೈಪೋಥಲಾಮಸ್‌ಗಳನ್ನು ಅರೆಯಬೇಕಾಯಿತು. 1977ರ ನೊಬೆಲ್ ಅವರಿಬ್ಬರಿಗೂ ಸಂದಿತು. ಬೆಳವಣಿಗೆಯ ಹಾರ್ಮೋನಿಗೆ, ಎಸಿಟಿಎಚ್‌ಗೆ, ಟಿಎಸ್‌ಎಚ್‌ಗೆ, ಎಲ್‌ಎಚ್‌ಗೆ ಮೇಲಿನಿಂದ ಮುಖ್ಯವಾಗಿ ಬರುವುದು “ತಯಾರಿಸು” ಎಂಬ ಆಜ್ಞೆ. ಪ್ರೊಲ್ಯಾಕ್ಟಿನ್ ಕೋಶಕ್ಕೆ ಬರುವುದು “ಸುಮ್ಮನಿರು” ಎಂಬ ಆಜ್ಞೆ. ಆ ಆಜ್ಞೆಯ ಹೆಸರು ಡೋಪಮಿನ್. 1950ರ ದಶಕದಲ್ಲಿ ಇಲಿಯ ಪಿಟ್ಯುಟರಿಯನ್ನು ಕಿತ್ತು ಅದೇ ಇಲಿಯ ಮೂತ್ರಪಿಂಡದ ಪೊರೆಯಡಿ ನೆಟ್ಟು ನೋಡಿದರು. ಮೆದುಳಿನ ಸಂಪರ್ಕ ತಪ್ಪಿದ ಗ್ರಂಥಿಯಲ್ಲಿ ಉಳಿದ ಹಾರ್ಮೋನುಗಳು ಇಳಿದುಹೋದವು, ಪ್ರೊಲ್ಯಾಕ್ಟಿನ್ ಮಾತ್ರ ಸ್ರವಿಸುತ್ತಲೇ ಇತ್ತು. ಹಿಡಿದ ಕೈ ಬಿಟ್ಟರೆ ಸಾಕು, ಈ ಕೋಶ ತಾನಾಗಿ ಕೆಲಸಕ್ಕಿಳಿಯುತ್ತದೆ.

ಗರ್ಭಿಣಿಯಲ್ಲಿ ಈಸ್ಟ್ರೋಜನ್ ಏರಿದಂತೆ ಈ ಕೋಶಗಳು ಸಂಖ್ಯೆಯಲ್ಲೂ ಗಾತ್ರದಲ್ಲೂ ಬೆಳೆದು, ಗ್ರಂಥಿಯೇ ಮೂರನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಗ್ಗುತ್ತದೆ. ಅದರ ರಕ್ತದ ಪೂರೈಕೆ ಮಾತ್ರ ಆ ಪ್ರಮಾಣದಲ್ಲಿ ಗಟ್ಟಿಯಾಗುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ರಕ್ತದ ಒತ್ತಡ ಕುಸಿದರೆ ಹಿಗ್ಗಿದ ಗ್ರಂಥಿ ರಕ್ತವಿಲ್ಲದೆ ಸತ್ತುಹೋಗಬಹುದು. ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವರ ಹೆಸರೇ ಇದೆ. ಬಾಣಂತಿಗೆ ಹಾಲೇ ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಮೈಯ ಕೂದಲು ಉದುರುತ್ತದೆ, ವರ್ಷಗಳುರುಳಿದಂತೆ ಸುಸ್ತು, ಚಳಿ, ಸೋಡಿಯಂ ಇಳಿದು ಮಂಪರು. ಮನೆಯಲ್ಲೇ ಹೆರಿಗೆಯಾಗಿ ಬಹಳ ರಕ್ತ ಹೋಗಿ, “ಆಮೇಲೆ ಅವಳು ಮೇಲೇಳಲೇ ಇಲ್ಲ” ಎಂದು ಅಜ್ಜಿ ಹೇಳುತ್ತಿದ್ದ ಓರಗಿತ್ತಿಯ ಕಥೆ ನೆನಪಾದಾಗಲೆಲ್ಲ ಇದೇ ಇದ್ದಿರಬೇಕೆಂದು ನನಗೆ ಅನ್ನಿಸುತ್ತದೆ. ಅಕ್ಕನದು ಇದಕ್ಕೆ ತೀರ ತದ್ವಿರುದ್ಧ. ಸಾಯಬಾರದ ಕೋಶ ಸಾಯುವುದು ಅದು. ಗರ್ಭವೇ ಇಲ್ಲದಾಗ ಒಂದು ಕೋಶದ ಸಂತಾನ ಗುಂಪುಗಟ್ಟಿ, ಮೇಲಿನ ಆಜ್ಞೆ ಸಾಲದಷ್ಟು ಹೆಚ್ಚಿ, ಬಸುರಿ ಬಾಣಂತಿಯರ ಕೆಲಸವನ್ನು ಮಾಡುತ್ತಾ ಕೂರುವುದು ಇದು. ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಹೈಪೋಥಲಾಮಸ್‌ನಿಂದ ಎಲ್‌ಎಚ್, ಎಫ್‌ಎಸ್‌ಎಚ್‌ಗಳಿಗೆ ಹೋಗಬೇಕಾದ ಆಜ್ಞೆಯ ಮಿಡಿತ ತಗ್ಗಿ ಅಂಡಾಶಯ ಮಲಗುತ್ತದೆ. ಹಾಲುಣಿಸುವ ತಾಯಿಗೆ ಮುಟ್ಟು ತಡವಾಗುವುದೂ ಇದೇ ದಾರಿಯಲ್ಲಿ. ಹಾಗಾಗಿ ಹಾಲು ಬರುವುದೂ ಮುಟ್ಟು ನಿಲ್ಲುವುದೂ ಅಕ್ಕನಿಗೆ ಎರಡು ಕಾಯಿಲೆಯಾಗಿರಲಿಲ್ಲ.

ಬೆಂಗಳೂರಿನಲ್ಲಿ ನಾವು ಕಂಡ ಹಾರ್ಮೋನು ತಜ್ಞೆ ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿಯುವುದಕ್ಕೂ ಮೊದಲು ಅಕ್ಕನ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದರು. ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ, “ಇದರಲ್ಲಿ ಡೊಂಪೆರಿಡೋನ್ ಇದೆ ನೋಡಮ್ಮ, ಮೂರು ದಿನ ನಿಲ್ಲಿಸಿ ರಕ್ತ ಕೊಡಿ” ಎಂದರು. ಡೊಂಪೆರಿಡೋನ್ ಎಂಬುದು ಡೋಪಮಿನ್‌ನ ಗ್ರಾಹಕವನ್ನು, ಎಂದರೆ ಕೋಶದ ಮೇಲೆ ಅದು ಬಂದು ಕೂರುವ ಜಾಗವನ್ನು, ಅಡ್ಡಗಟ್ಟುವ ಔಷಧಿ. ಮೆದುಳಿನೊಳಕ್ಕೆ ಅದು ಹೆಚ್ಚು ಹೋಗುವುದಿಲ್ಲ, ಆದರೆ ಪಿಟ್ಯುಟರಿ ಇರುವುದು ಮೆದುಳಿನ ರಕ್ಷಣಾ ಗೋಡೆಯ ಹೊರಗೆ. ಹಾಗಾಗಿ ಅಲ್ಲಿನ “ಸುಮ್ಮನಿರು” ಆಜ್ಞೆಯನ್ನು ಅದು ಸಲೀಸಾಗಿ ತಡೆದು, ಗಡ್ಡೆ ಇಲ್ಲದವರಲ್ಲೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳದೂ ಇದೇ ಗುಣ. ಪ್ರೊಲ್ಯಾಕ್ಟಿನ್ ಪರೀಕ್ಷೆಗೆ ಹೋಗುವವರು ತಾವು ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ, ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡದ್ದನ್ನು ಸಹ, ವೈದ್ಯರಿಗೆ ತೋರಿಸಲೇಬೇಕು. ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸಬಾರದು.

ಇಲ್ಲಿ ಸ್ವಲ್ಪ ಕೆರೆಯ ಕಡೆಗೇ ಹೊರಳಬೇಕಾಗಿದೆ. ಇದೇ ಡೊಂಪೆರಿಡೋನನ್ನು ನಾನು ಮೊದಲು ಕಂಡದ್ದು ಮೀನುಮರಿ ಉತ್ಪಾದನಾ ಕೇಂದ್ರದಲ್ಲಿ, ವಿದ್ಯಾರ್ಥಿಗಳೊಡನೆ ಹೋಗಿದ್ದಾಗ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನ ಕೆರೆಯಲ್ಲಿ ಬೆಳೆಯುತ್ತವೆ, ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿಯ ರಸವನ್ನು ಚುಚ್ಚಿ ಅವು ಮೊಟ್ಟೆ ಇಡುವಂತೆ ಮಾಡಿದರು. ಆ ದಿನವೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ. ಈಗ ಆ ರಸದ ಬದಲು ಸಿದ್ಧ ಔಷಧಿ ಬಳಸುತ್ತಾರೆ. ಅದರಲ್ಲಿ ಎಲ್‌ಎಚ್ ಹೊರಡಿಸುವ ಆಜ್ಞೆಯ ಕೃತಕ ರೂಪದ ಜೊತೆಗೆ ಡೊಂಪೆರಿಡೋನ್ ಇರುತ್ತದೆ. ಏಕೆಂದರೆ ಈ ಮೀನುಗಳಲ್ಲಿ ಡೋಪಮಿನ್ ಹಿಡಿದಿಡುವುದು ಮೊಟ್ಟೆ ಇಡಿಸುವ ಹಾರ್ಮೋನನ್ನೇ. ಸಂಕೇತ ಒಂದೇ, ತಡೆಯುವ ಕೋಶ ಮಾತ್ರ ಬೇರೆ. ನಮ್ಮ ಕೆರೆಯ ಕಾಟ್ಲಾಕ್ಕೂ ನನ್ನ ಅಕ್ಕನಿಗೂ ಸಮಾನವಾದ ಈ ಹಳೆಯ ರಸಾಯನವನ್ನು ನೆನೆದಾಗ ನನಗೆ ಬೆರಗು ಇಂದಿಗೂ ಕಡಿಮೆಯಾಗಿಲ್ಲ.

ಮೂರು ದಿನ ಬಿಟ್ಟು ಕೊಟ್ಟ ರಕ್ತದಲ್ಲಿ ಅಕ್ಕನ ಪ್ರೊಲ್ಯಾಕ್ಟಿನ್ ಮಿಲಿಲೀಟರಿಗೆ 612 ನ್ಯಾನೋಗ್ರಾಂ ಇತ್ತು. ಸಾಮಾನ್ಯವಾಗಿ ಹೆಂಗಸರಲ್ಲಿ ಅದು ಸುಮಾರು 25ರ ಒಳಗಿರಬೇಕು. ಥೈರಾಯ್ಡ್ ಸರಿಯಿತ್ತು, ಗರ್ಭವಿರಲಿಲ್ಲ, ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಬೆಳಗಿನ ಪರೀಕ್ಷೆಯಲ್ಲಿ ಸರಿಯಿತ್ತು. ಒಂದು ಕಣ್ಣು ಮುಚ್ಚಿಸಿ, ಎದುರು ಕುಳಿತು, ಕಿವಿಯ ಪಕ್ಕದಿಂದ ಬೆರಳಾಡಿಸುತ್ತಾ ಮುಂದೆ ತಂದು, ಎಲ್ಲಿ ಕಂಡಿತೆಂದು ಕೇಳಿದರು. ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳ ಹಾಯುವಿಕೆಯನ್ನು ಒತ್ತಿದರೆ ಎರಡು ಪಕ್ಕಗಳ ನೋಟ ಮೊದಲು ಹೋಗುತ್ತದೆ. ಅಕ್ಕನಿಗೆ ಎರಡೂ ಪಕ್ಕ ಕಾಣುತ್ತಿತ್ತು. ಗಡ್ಡೆ ಯಾವ ಕೋಶದ್ದೆಂಬುದಕ್ಕೆ ಚೂರಿ ತಾಗಿಸದೆಯೇ ಉತ್ತರ ಸಿಕ್ಕಿತ್ತು.

ಆ ಸಂಖ್ಯೆಯನ್ನು ಗಡ್ಡೆಯ ಗಾತ್ರದೊಡನೆ ಜೋಡಿಸಿ ಓದಬೇಕೆಂಬುದನ್ನು ತಜ್ಞೆ ನಮಗೆ ಬಿಡಿಸಿ ಹೇಳಿದರು. ಮತ್ತೆ ಕೆರೆಯ ಕಾಲುವೆಯನ್ನೇ ನೆನೆಯಿರಿ. ಬೇರಾವುದೋ ಕೋಶದ ಗಡ್ಡೆ ದೊಡ್ಡದಾಗಿ ಬೆಳೆದು ತೊಟ್ಟನ್ನು ಅದುಮಿದರೆ, ಕಾಲುವೆ ಒತ್ತುವರಿಯಾದಂತೆ, ಮೇಲಿನ ಡೋಪಮಿನ್ ಕೆಳಗೆ ಇಳಿಯುವುದಿಲ್ಲ. ಆಗ ಆರೋಗ್ಯವಂತ ಪ್ರೊಲ್ಯಾಕ್ಟಿನ್ ಕೋಶಗಳೇ ಹಿಡಿತ ತಪ್ಪಿ ಸ್ವಲ್ಪ ಹೆಚ್ಚು ತಯಾರಿಸುತ್ತವೆ. ಅಂಥಲ್ಲಿ ಸಂಖ್ಯೆ ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೂರು ಸೆಂಟಿಮೀಟರಿನ ಗಡ್ಡೆಗೆ ಪ್ರೊಲ್ಯಾಕ್ಟಿನ್ 80 ಎಂದು ಬಂದರೆ ಅದು ಸಾಮಾನ್ಯವಾಗಿ ಪ್ರೊಲ್ಯಾಕ್ಟಿನ್ ಗಡ್ಡೆಯಾಗಿರುವುದಿಲ್ಲ. ಪ್ರೊಲ್ಯಾಕ್ಟಿನ್ ಇಳಿಸುವ ಮಾತ್ರೆ ಕೊಟ್ಟರೆ ಸಂಖ್ಯೆ ಇಳಿಯುತ್ತದೆ, ಗಡ್ಡೆ ಬೆಳೆಯುತ್ತಲೇ ಇರುತ್ತದೆ, ಅಲ್ಲಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದೇ ತಪ್ಪಾಗುತ್ತದೆ. ಇನ್ನೊಂದು ಮೋಸವೂ ಇದೆ. ಪ್ರೊಲ್ಯಾಕ್ಟಿನ್ ಹಲವು ಸಾವಿರ ಮುಟ್ಟಿದಾಗ, ಪರೀಕ್ಷೆಯಲ್ಲಿ ಬಳಸುವ ಎರಡು ಪ್ರತಿಕಾಯಗಳೂ ಬೇರೆ ಬೇರೆ ಕಣಗಳಿಂದ ತುಂಬಿಹೋಗಿ ಜೋಡಿಯೇ ಆಗದೆ, ಯಂತ್ರ ಸುಳ್ಳೇ ಕಡಿಮೆ ಸಂಖ್ಯೆ ತೋರಿಸಬಹುದು. ಗಡ್ಡೆ ಬಹಳ ದೊಡ್ಡದಿದ್ದು ಸಂಖ್ಯೆ ಸಣ್ಣದಿದ್ದರೆ ರಕ್ತದ ಮಾದರಿಯನ್ನು ನೂರು ಪಟ್ಟು ತೆಳುವಾಗಿಸಿ ಮತ್ತೆ ನೋಡುವಂತೆ ಲ್ಯಾಬಿನವರನ್ನು ಕೇಳಬೇಕು. ಖರ್ಚು ಹೆಚ್ಚಿಲ್ಲ, ಅದರಿಂದ ತಪ್ಪುವ ಆಪರೇಷನ್ ದೊಡ್ಡದು.

ಅಕ್ಕನಿಗೆ ಕ್ಯಾಬರ್ಗೋಲಿನ್ ಎಂಬ ಮಾತ್ರೆ ಬರೆದರು: ವಾರಕ್ಕೆ ಎರಡು ದಿನ, ಮೊದಲು ಅರ್ಧ ಮಾತ್ರೆ, ರಾತ್ರಿ ಊಟವಾದ ಮೇಲೆ. ಮೊದಲ ಎರಡು ವಾರ ವಾಕರಿಕೆ, ಎದ್ದು ನಿಂತರೆ ತಲೆಸುತ್ತು ಇದ್ದವು, ಆಮೇಲೆ ಹೋದವು. ಈ ಮಾತ್ರೆ ಡೋಪಮಿನ್ ಕೂರುವ ಗ್ರಾಹಕದಲ್ಲೇ ಹೋಗಿ ಕೂತು, ಡೋಪಮಿನ್‌ಗಿಂತ ಬಹಳ ಹೊತ್ತು ಬಿಡದೆ ಹಿಡಿದುಕೊಳ್ಳುತ್ತದೆ. ಗಡ್ಡೆಯ ಕೋಶ ತನ್ನ ಮನೆತನವನ್ನು ಮರೆತಿಲ್ಲವೆಂದು ಹಿಂದೆ ಹೇಳಿದೆನಲ್ಲ, ಆ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ: ಗ್ರಾಹಕ ಇನ್ನೂ ಅದರ ಮೈಮೇಲಿದೆ, ಗಟ್ಟಿಯಾಗಿ ಹೇಳಿದರೆ “ಸುಮ್ಮನಿರು” ಎಂಬುದು ಅದಕ್ಕೆ ಇನ್ನೂ ಕೇಳಿಸುತ್ತದೆ. ಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಜೀನಿನ ನಕಲು ತೆಗೆಯುವುದು ನಿಲ್ಲುತ್ತದೆ, ಹಾರ್ಮೋನು ತಯಾರಿಸಿ ಕಟ್ಟಿ ಕಳಿಸಲೆಂದು ಕೋಶದೊಳಗೆ ಹರಡಿಕೊಂಡಿದ್ದ ಪೊರೆಗಳ ರಾಶಿಯೆಲ್ಲ ಕರಗುತ್ತದೆ. ಒಂದೊಂದು ಕೋಶವೂ ಹೀಗೆ ಮುದುಡಿದಾಗ ಗಡ್ಡೆಯೇ ಕುಗ್ಗುತ್ತದೆ. ಕೋಶಗಳು ಬಹುಪಾಲು ಸತ್ತಿಲ್ಲ, ಸೊರಗಿವೆ, ಅಷ್ಟೇ. ಮಾತ್ರೆಯನ್ನು ಬೇಗ ಬಿಟ್ಟರೆ ಅವು ಮತ್ತೆ ಮೈತುಂಬಿಕೊಳ್ಳುವುದು ಇದರಿಂದಲೇ.

ಎಲ್ಲ ಗಡ್ಡೆಗಳೂ ಹೀಗೆ ಮಾತು ಕೇಳುವುದಿಲ್ಲ. ಬೆಳವಣಿಗೆಯ ಹಾರ್ಮೋನಿನ ಗಡ್ಡೆಗಳಲ್ಲಿ ಹತ್ತಿರಹತ್ತಿರ ನೂರಕ್ಕೆ 40ರಲ್ಲಿ, ಕೋಶದೊಳಗೆ ಸಂಕೇತವನ್ನು ಹಾಕಿ ಆರಿಸುವ ಒಂದು ಪ್ರೋಟೀನಿನ ಜೀನು ಕೆಟ್ಟು, ಹಾಕಿದ್ದು ಆರದೇ ಉಳಿದುಬಿಡುತ್ತದೆ. ಮೇಲಿನಿಂದ ಆಜ್ಞೆ ಬರಲಿ ಬಿಡಲಿ, ಕೋಶ ಹಾರ್ಮೋನು ಸುರಿಯುತ್ತದೆ. ದೊಡ್ಡವರಲ್ಲಿ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ದವಡೆ ಮುಂದೆ ಚಾಚುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ದಿನವೂ ನೋಡುವ ಮನೆಯವರ ಕಣ್ಣಿಗೆ ಮಾತ್ರ ಏನೂ ಬೀಳುವುದಿಲ್ಲ, ಹಳೆಯ ಫೋಟೊ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಮೂಳೆಗಳ ಬೆಳವಣಿಗೆ ಮುಗಿಯದ ಮಕ್ಕಳಲ್ಲಾದರೆ ಎತ್ತರವೇ ಮಿತಿಮೀರುತ್ತದೆ. 1783ರಲ್ಲಿ ತೀರಿಕೊಂಡ ಐರಿಷ್ ದೈತ್ಯ ಚಾರ್ಲ್ಸ್ ಬರ್ನ್‌ನ ತಲೆಬುರುಡೆಯನ್ನು 1909ರಲ್ಲಿ ತೆರೆದು ನೋಡಿದ ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಅವರಿಗೆ ಕುದುರೆಯ ಜೀನಿನಾಕಾರದ ಆ ಗುಳಿ ಅಗಲವಾಗಿರುವುದು ಕಂಡಿತು. ನೂರು ವರ್ಷಗಳ ನಂತರ, 2011ರಲ್ಲಿ, ಅವನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಎಐಪಿ ಎಂಬ ಜೀನಿನ ದೋಷ ಸಿಕ್ಕಿತು. ವಂಶದಲ್ಲಿ ಹರಿದುಬರುವ ಪಿಟ್ಯುಟರಿ ಗಡ್ಡೆಗಳಲ್ಲಿ ಕಾಣುವ ದೋಷವದು. ಎಸಿಟಿಎಚ್ ಗಡ್ಡೆ ಸಾಸಿವೆಯಷ್ಟಿದ್ದೂ, ಕೆಲವೊಮ್ಮೆ ಎಂಆರ್‌ಐಗೂ ಕಾಣದೆ, ಇಡೀ ಮೈಯನ್ನು ಕೆಡಿಸಬಲ್ಲದು. ಎಸ್‌ಎಫ್-1 ಮನೆತನದವು ಹೆಚ್ಚಾಗಿ ಸದ್ದಿಲ್ಲದೆ ಬೆಳೆದು, ದೃಷ್ಟಿ ಕುಂದಿದಾಗ ಮಾತ್ರ ಪತ್ತೆಯಾಗುತ್ತವೆ. ಈ ಮೂರರಲ್ಲೂ ಚಿಕಿತ್ಸೆ ಬೇಕಾದಾಗ ಮೂಗಿನ ದಾರಿಯಲ್ಲಿ ಹೋಗಿ ಗಡ್ಡೆ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಹೆಜ್ಜೆ. ಆ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನನಗೆ ಅಪಾರ ಗೌರವವಿದೆ; ನನ್ನ ಆಕ್ಷೇಪ ಕೋಶವನ್ನು ಗುರುತಿಸದೆ ಅದಕ್ಕೆ ದಿನ ಗೊತ್ತುಮಾಡಿದ್ದರ ಬಗ್ಗೆ.

ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆ ಒಂದೇ: “ಕ್ಯಾನ್ಸರ್ ಅಲ್ಲ ತಾನೇ?” ಈ ಗ್ರಂಥಿಯ ಗಡ್ಡೆಗಳು ದೂರದ ಅಂಗಗಳಿಗೆ ಹಬ್ಬುವುದು ಅತ್ಯಂತ ವಿರಳ. ಗಡ್ಡೆಯೇ ಅಪರೂಪವೆಂದು ಇದರರ್ಥವಲ್ಲ. ಬೇರೆ ಕಾರಣಗಳಿಂದ ಸತ್ತವರ ಪಿಟ್ಯುಟರಿಯನ್ನು ಕೊಯ್ದು ನೋಡಿದ ಅಧ್ಯಯನಗಳಲ್ಲಿ ಹತ್ತು ಮಂದಿಯಲ್ಲಿ ಒಬ್ಬರಿಗಾದರೂ ಸಣ್ಣ ಗಡ್ಡೆ ಸಿಕ್ಕಿದೆ, ತೊಂದರೆ ಕೊಟ್ಟು ವೈದ್ಯರವರೆಗೆ ಬರುವುದು ಸುಮಾರು ಸಾವಿರಕ್ಕೆ ಒಬ್ಬರದು. ಹುಟ್ಟಿದ ಮೇಲೆ ಇಷ್ಟು ಗಡ್ಡೆಗಳು ಏಕೆ ಅಲ್ಲಿಗೇ ನಿಂತುಬಿಡುತ್ತವೆ ಎಂಬುದಕ್ಕೆ ಹಾರ್ಮೋನು ತಜ್ಞ ಶ್ಲೋಮೋ ಮೆಲ್ಮೆಡ್ ಅವರ ಪ್ರಯೋಗಾಲಯದಿಂದ ಬಂದ ಒಂದು ಉತ್ತರ ನನಗೆ ಬಹಳ ಹಿಡಿಸಿದೆ. ಬೆಳವಣಿಗೆಯ ಹಾರ್ಮೋನಿನ ಗಡ್ಡೆಯ ಕೋಶದಲ್ಲಿ ಡಿಎನ್‌ಎ ಹಾಳಾಗುತ್ತಾ ಬಂದಂತೆ ಪಿ21 ಎಂಬ ಪ್ರೋಟೀನು ಏರಿ, ಕೋಶ ಇನ್ನು ವಿಭಜನೆಯಾಗದಂಥ ವೃದ್ಧಾಪ್ಯಕ್ಕೆ ಸೇರಿಬಿಡುತ್ತದೆ. ಸಾಯುವುದಿಲ್ಲ, ಹಾರ್ಮೋನು ತಯಾರಿಸುವುದನ್ನು ಬಿಡುವುದಿಲ್ಲ, ಸಂತಾನ ಮಾತ್ರ ನಿಲ್ಲುತ್ತದೆ. ಸೂಕ್ಷ್ಮದರ್ಶಕದಡಿ ಆರೋಗ್ಯವಂತ ಗ್ರಂಥಿಗೂ ಗಡ್ಡೆಗೂ ಇರುವ ವ್ಯತ್ಯಾಸ ಕೂಡ ಕೋಶಗಳ ಮುಖದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಗೊಂಚಲುಗಳನ್ನು ಸುತ್ತುವ ನಾರಿನ ಬಲೆಯನ್ನು ಬೆಳ್ಳಿಯ ಬಣ್ಣದಿಂದ ಕಪ್ಪಾಗಿಸಿದಾಗ ತಿಳಿಯುತ್ತದೆ. ಆರೋಗ್ಯವಂತ ಗ್ರಂಥಿಯಲ್ಲಿ ಬಲೆಯ ಕಣ್ಣುಗಳು ಸಣ್ಣವಾಗಿ, ಪೂರ್ತಿಯಾಗಿ ಇರುತ್ತವೆ. ಗಡ್ಡೆಯಲ್ಲಿ ಆ ಬಲೆ ಹರಿದುಹೋಗಿರುತ್ತದೆ, ಒಂದೇ ಬಗೆಯ ಕೋಶಗಳು ಅಲ್ಲಿ ಹಾಳೆಹಾಳೆಯಾಗಿ ಹರಡಿರುತ್ತವೆ. ಅಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. “ಅಲ್ಲಮ್ಮ” ಎಂದೆ.

ಮೂರನೆಯ ತಿಂಗಳಲ್ಲಿ ಅಕ್ಕನಿಗೆ ಮುಟ್ಟು ಮರಳಿತು. ನಾಲ್ಕನೆಯ ತಿಂಗಳ ಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ 19ಕ್ಕೆ ಇಳಿದಿತ್ತು. ಒಂದು ವರ್ಷದ ನಂತರದ ಎಂಆರ್‌ಐಯಲ್ಲಿ 14 ಮಿಲಿಮೀಟರಿನ ಗಡ್ಡೆ 6ಕ್ಕೆ ಬಂದಿತ್ತು. ಮಾರಲೆಂದಿದ್ದ ಎರಡು ಹಸುಗಳಲ್ಲಿ ಒಂದು ಹೋದ ಶ್ರಾವಣದಲ್ಲಿ ಕರು ಹಾಕಿತು. ಬುಧವಾರ, ಭಾನುವಾರ ಮಾತ್ರೆ ನುಂಗಿದ ಮೇಲೆ ಅಕ್ಕ ಅದನ್ನು ಡೇರಿಯ ಪುಸ್ತಕದಲ್ಲೇ, ಆ ದಿನದ ಹಾಲಿನ ಲೀಟರು, ಫ್ಯಾಟು ಬರೆದ ಸಾಲಿನ ಪಕ್ಕದಲ್ಲಿ, ಒಂದು ಚುಕ್ಕೆಯಾಗಿ ಗುರುತು ಹಾಕಿಕೊಳ್ಳುತ್ತಾಳೆ. ತಜ್ಞೆ ಕೇಳಿದಾಗ ಆ ಪುಸ್ತಕವನ್ನೇ ಒಯ್ದು ತೋರಿಸಿದಳು. ಮುಂದಿನ ಎಂಆರ್‌ಐಯಲ್ಲಿ ಗಡ್ಡೆ ಕಾಣದಿದ್ದರೆ, ಸಂಖ್ಯೆಯೂ ಹೀಗೆಯೇ ನಿಂತಿದ್ದರೆ, ಮಾತ್ರೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ನೋಡೋಣವೆಂದು ಅವರು ಹೇಳಿದ್ದಾರೆ.